ಮೇಣದಬತ್ತಿಯ ಪದರಗಳು ಕಳಚಿಕೊಳ್ಳುತ್ತಿರುವುದಕ್ಕೆ

ಎರಡು ಬಣ್ಣದ ಮೇಣವನ್ನು ಒಂದರ ಮೇಲೊಂದು ಸುರಿದು ಮಾಡಿದ ನಿಮ್ಮ ಮೇಣದಬತ್ತಿಯ ಪದರಗಳು ಏಕೆ ಕಳಚುತ್ತಿವೆ ಎಂದು ಕೇಳಿದ್ದೀರಿ. ಅಚ್ಚಿನಿಂದ ತೆಗೆದ ಕೂಡಲೇ ಮೇಲಿನ ಬಿಳಿ ಪದರವು ಕೆಳಗಿನ ಕೆಂಪು ಪದರದಿಂದ ಬಿಲ್ಲೆಯಂತೆ ಕಳಚಿ ಬರುತ್ತಿದೆಯೆಂದರೆ, ಕೆಳಪದರವು ಪೂರ್ತಿ ತಣ್ಣಗಾದ ಮೇಲೆ ಮುಂದಿನ ಮೇಣವನ್ನು ಸುರಿದಿರುವುದೇ ಬಹುಮಟ್ಟಿಗೆ ಕಾರಣವಿರಬೇಕು. ರಾತ್ರಿಯಿಡೀ ಬಿಟ್ಟ ಪದರದ ಮೇಲೆ ಹೊಸ ಮೇಣವು ಕೂರುತ್ತದೆಯೇ ಹೊರತು ಬೆಸೆದುಕೊಳ್ಳುವುದಿಲ್ಲ.

ಕೆಳಪದರವನ್ನು ಸುರಿದ ಬಳಿಕ, ಅದರ ಮೇಲ್ಮೈ ಬೆರಳಿಗೆ ಅಂಟದೆ, ಆದರೆ ಮೆಲ್ಲನೆ ಒತ್ತಿದಾಗ ರಬ್ಬರಿನಂತೆ ತುಸು ತಗ್ಗುವ ಹದಕ್ಕೆ ಬರುವವರೆಗೆ ಕಾಯಿರಿ; ಇಲ್ಲಿ ಗಡಿಯಾರಕ್ಕಿಂತ ಬೆರಳನ್ನು ನಂಬುವುದು ಲೇಸು, ಏಕೆಂದರೆ ಬೇಸಿಗೆಯ ಮಧ್ಯಾಹ್ನಕ್ಕೂ ಮಳೆಗಾಲದ ಸಂಜೆಗೂ ಈ ಅವಧಿಯಲ್ಲಿ ಬಹಳ ವ್ಯತ್ಯಾಸವಿರುತ್ತದೆ. ಅಷ್ಟರಲ್ಲಿ ಎರಡನೆಯ ಬಣ್ಣದ ಮೇಣವನ್ನು, ಕುದಿನೀರಿನ ಪಾತ್ರೆಯೊಳಗಿಟ್ಟ ಇನ್ನೊಂದು ಪಾತ್ರೆಯಲ್ಲಿ ಕರಗಿಸಿ, 75 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನಿಧಾನವಾಗಿ ಸುರಿಯಿರಿ. ಇದು ಸುಮಾರು 60 ಡಿಗ್ರಿಯಲ್ಲಿ ಕರಗುವ ಪ್ಯಾರಾಫಿನ್ನಿನ ಲೆಕ್ಕ. ನಿಮ್ಮದು ಯಾವ ಮೇಣವೆಂದು ನೀವು ತಿಳಿಸಿಲ್ಲ, ಸೋಯಾ ಆಗಿದ್ದರೆ ಇನ್ನೂ ಕಡಿಮೆ ಬಿಸಿ ಸಾಕಾಗುತ್ತದೆ. ಬಿಸಿ ಅತಿಯಾದರೆ ಪದರವೇನೋ ಹಿಡಿಯುತ್ತದೆ, ಆದರೆ ಕೆಂಪು ಕರಗಿ ಮೇಲೆ ಹರಡಿ, ಬಿಳಿಯು ಗುಲಾಬಿಯಾಗಿಬಿಡುತ್ತದೆ.

ಕೆಳಪದರ ಆಗಲೇ ಗಟ್ಟಿಯಾಗಿದ್ದರೆ, ಹೇರ್ ಡ್ರೈಯರಿನಿಂದ ಮೇಲ್ಮೈಯನ್ನು ಮಿರುಗುವಷ್ಟು ಬೆಚ್ಚಗಾಗಿಸಿ ತಕ್ಷಣ ಸುರಿಯಿರಿ. ಅಚ್ಚಿಗೆ ಸವರಿದ ಎಣ್ಣೆ ಪದರದ ಮೇಲೆ ಇಳಿದಿದ್ದರೂ ಮೇಣ ಹಿಡಿಯುವುದಿಲ್ಲವಾದ್ದರಿಂದ, ಮೊದಲು ಅದನ್ನು ಒಣಬಟ್ಟೆಯಿಂದ ಒರೆಸಿಬಿಡಿ.

ಈಗ ಕಳಚಿರುವ ತುಂಡುಗಳನ್ನು ಅಂಟಿಸಲು ಹೋಗಬೇಡಿ. ಅವು ಚೊಕ್ಕವಾಗಿ ಬೇರ್ಪಟ್ಟಿರುವುದರಿಂದ ಒಂದೊಂದು ಬಣ್ಣವನ್ನೂ ಬೇರೆಬೇರೆಯಾಗಿಯೇ ಮತ್ತೆ ಕರಗಿಸಿ, ಹೊಸ ಬತ್ತಿಯ ದಾರವನ್ನಿಟ್ಟು ಎರೆಯಬಹುದು.