ಲೆನ್ಸ್ ಮುರಿದ್ರೆ ಕ್ಯಾಮೆರಾ ಸತ್ತಂಗಲ್ಲ

ಮಳೆಗಾಲ ಬಂತು ಅಂದ್ರೆ ಅದೇ ಪ್ರಶ್ನೆಗಳು. ಹೋದ ವರ್ಷನೂ ಬರೆದಿದ್ದೆ, ಅದರ ಹಿಂದಿನ ವರ್ಷನೂ ಬರೆದಿದ್ದೆ. ಈ ಸಲ ಒಂದಕ್ಕೆ ಪೂರ್ತಿ ಉತ್ತರ ಕೊಡ್ತೀನಿ, ಮಿಕ್ಕಿದ್ದಕ್ಕೆ ಒಂದೊಂದು ಮಾತು.

ಪ್ರಶ್ನೆ: ಸರ್, 2010ರಲ್ಲಿ ತಗೊಂಡ ನಿಕಾನ್ ಡಿ90 ಇದೆ. ಮೊನ್ನೆ ಟೇಬಲ್ ಮೇಲಿಂದ ಬಿದ್ದು 18-105 ಲೆನ್ಸ್ ಕಿತ್ಕೊಂಡು ಬಂತು, ಜೂಮೂ ತಿರುಗ್ತಿಲ್ಲ. ಅಂಗಡಿಯವ್ರು ಎರಡನ್ನೂ ಬಿಸಾಕಿ ಹೊಸದು ತಗೊಳ್ಳಿ ಅಂದ್ರು. ಹಳೇದು ಏನಕ್ಕಾದ್ರೂ ಬರುತ್ತಾ? ಅಪ್ಪ ತೆಗೆದ ನೆಗೆಟಿವ್ ಒಂದು ಡಬ್ಬ ಇದೆ, ಸ್ಕ್ಯಾನ್ ಮಾಡ್ಸೋಕೂ ಹೊಸ ಮಶೀನ್ ಬೇಕಾ?

ಬಿಸಾಕಿ ಅಂದವ್ರು ಲೆನ್ಸ್ ತಿರುಗಿಸಿ ಹಿಂಭಾಗ ನೋಡಿದ್ರಾ ಅಂತ ಮೊದಲು ಕೇಳಿ. ಆ ಲೆನ್ಸಿನ ಮೌಂಟ್ ಪ್ಲಾಸ್ಟಿಕ್‌ದು, ಕ್ಯಾಮೆರಾಗೆ ಕಚ್ಕೊಳ್ಳೋಕೆ ಮೂರು ಹಲ್ಲಿರುತ್ತೆ, ಬಿದ್ದಾಗ ಮುರಿಯೋದು ಅದೇ. ಕ್ಯಾಮೆರಾ ಬಾಡಿ ಕಡೆ ರಿಂಗ್ ಲೋಹದ್ದು, ಅದಕ್ಕೆ ಹೆಚ್ಚಿನ ಸಲ ಏನೂ ಆಗಿರಲ್ಲ. ಆದ್ರೆ ಶಟರ್ ಒತ್ತೋ ಮುಂಚೆ ಟಾರ್ಚ್ ಹಾಕಿ ಒಳಗೆ ನೋಡಿ. ಹೋದ ತಿಂಗಳು ನನ್ನ ಟೇಬಲ್ಲಿಗೆ ಬಂದ ಒಂದು ಬಾಡೀಲಿ ಮುರಿದ ಹಲ್ಲು ಮಿರರ್ ಪಕ್ಕದಲ್ಲೇ ಬಿದ್ದಿತ್ತು, ಉಗುರಿನ ತುದಿಯಷ್ಟು ಕಪ್ಪು ಚೂರು. ಅವ್ರು ಹತ್ತು ಸಲ ಶಟರ್ ಒತ್ತಿ ಮಿರರ್ ಸಿಕ್ಕಾಕಿಸಿದ್ರು. ಚೂರು ಇಲ್ಲ ಅಂತ ಖಾತ್ರಿ ಆದ್ಮೇಲೆ ಸ್ನೇಹಿತರ ಲೆನ್ಸ್ ಒಂದು ಹಾಕಿ ನೋಡಿ. ಫೋಟೋ ಸರಿ ಬಂದ್ರೆ ಬಾಡಿ ಚೆನ್ನಾಗಿದೆ, ಮಾತು ಮುಗೀತು.

ಬರೀ ಹಲ್ಲು ಮುರಿದಿದ್ರೆ ಮೌಂಟ್ ರಿಂಗ್ ಬದಲಾಯಿಸಿ ಅಂತಿದ್ದೆ. ಜೂಮೂ ಹಿಡ್ಕೊಂಡಿದೆ ಅಂದ್ಮೇಲೆ ಆ ಲೆನ್ಸ್ ಬಿಟ್ಬಿಡಿ. ಅದೇ ಲೆನ್ಸ್ ಮತ್ತೆ ತಗೋಬೇಡಿ. ಸೆಕೆಂಡ್ ಹ್ಯಾಂಡ್ 50 ಎಂಎಂ 1.8ಡಿ ಲೆನ್ಸ್ ತಗೊಳ್ಳಿ, ಡಿ90 ಬಾಡಿ ಒಳಗೇ ಫೋಕಸ್ ಮೋಟರ್ ಇರೋದ್ರಿಂದ ಆಟೋಫೋಕಸ್ ಆಗುತ್ತೆ (ಡಿ40, ಡಿ3000 ಇಟ್ಕೊಂಡಿರೋರು ಇದನ್ನ ನೋಡಿ ತಗೋಬೇಡಿ, ಅವುಗಳಲ್ಲಿ ಮೋಟರ್ ಇಲ್ಲ, ಕೈಯಲ್ಲೇ ಫೋಕಸ್ ಮಾಡ್ಬೇಕು).

ಈಗ ನೆಗೆಟಿವ್ ವಿಷ್ಯ. ನಿಮ್ಮ ಪ್ರಶ್ನೇಲಿ ನಂಗೆ ನಿದ್ದೆ ಕೆಡಿಸಿದ್ದು ಕ್ಯಾಮೆರಾ ಅಲ್ಲ, ಆ ಡಬ್ಬ. ಮಲೆನಾಡು, ಕರಾವಳಿ ಕಡೆ ಒಂದೊಂದು ಮಳೆಗಾಲಕ್ಕೂ ಬೂಸ್ಟು ಫಿಲ್ಮಿನ ಮೇಲಿರೋ ಜೆಲಾಟಿನ್ ತಿಂತಾ ಹೋಗುತ್ತೆ, ಸ್ಟ್ರಿಪ್‌ಗಳು ಪ್ಲಾಸ್ಟಿಕ್ ಕವರ್‌ಗೆ ಅಂಟ್ಕೊಳ್ತವೆ. ಡಬ್ಬ ತೆಗೆದಾಗ ವಿನಿಗರ್ ಥರ ಹುಳಿ ವಾಸನೆ ಬಂದ್ರೆ ಫಿಲ್ಮೇ ಕೊಳೀತಿದೆ ಅಂತ ಅರ್ಥ, ಅವನ್ನ ಬೇರೆ ಇಟ್ಟು ಮೊದಲು ಅವನ್ನೇ ಕಾಪಿ ಮಾಡಿ. ನಿಮ್ಮ ಡಿ90ಗೆ ಇನ್ಮೇಲೆ ಇದೇ ಕೆಲಸ. ಹೊಸ ಮಶೀನ್ ಬೇಡ, ನೆಗೆಟಿವ್‌ಗೆ ಹಿಂದಿಂದ ಬೆಳಕು ಕೊಟ್ಟು ಈ ಕ್ಯಾಮೆರಾದಲ್ಲೇ ಅದರ ಫೋಟೋ ತೆಗೆಯೋದು.

12, 20, 36 ಎಂಎಂ ಎಕ್ಸ್‌ಟೆನ್ಷನ್ ಟ್ಯೂಬ್ ಸೆಟ್ ಸಿಗುತ್ತೆ, ಹತ್ತಿರದ್ದನ್ನ ದೊಡ್ಡದಾಗಿ ತೆಗೆಯೋಕೆ ಲೆನ್ಸು, ಕ್ಯಾಮೆರಾ ಮಧ್ಯೆ ಹಾಕೋ ಟೊಳ್ಳು ಕೊಳವೆಗಳು. ಅದರಲ್ಲಿ 12 ಮತ್ತು 20 ಸೇರಿಸಿ 50 ಎಂಎಂ ಹಿಂದೆ ಹಾಕಿ, ಫೋಕಸ್ ರಿಂಗ್ ಇನ್ಫಿನಿಟಿಗಿಡಿ, 36x24 ಎಂಎಂ ನೆಗೆಟಿವ್ ಫ್ರೇಮ್ ತುಂಬ ಕೂರುತ್ತೆ. 12 ಮೆಗಾಪಿಕ್ಸೆಲ್ ಸಾಲಲ್ಲ ಅನ್ನೋರ ಮಾತು ಕೇಳ್ಬೇಡಿ, 14x9 ಇಂಚಿನ ಪ್ರಿಂಟಿಗೆ ಧಾರಾಳ ಆಯ್ತು. ಕೆಳಗೆ ಎಲ್‌ಇಡಿ ಲೈಟ್ ಪ್ಯಾಡ್, ನೆಗೆಟಿವ್ ಅದರಿಂದ ಒಂದಿಂಚು ಮೇಲಿರ್ಲಿ, ರೂಮಿನ ಲೈಟೆಲ್ಲ ಆರಿಸಿ. ಕ್ಯಾಮೆರಾ ನೆಟ್ಟಗಿದೆಯಾ ಅಂತ ತಿಳಿಯೋಕೆ ನೆಗೆಟಿವ್ ಜಾಗದಲ್ಲಿ ಚಿಕ್ಕ ಕನ್ನಡಿ ಇಟ್ಟು ವ್ಯೂಫೈಂಡರಲ್ಲಿ ನೋಡಿ, ಲೆನ್ಸಿನ ಬಿಂಬ ಸರಿಯಾಗಿ ಮಧ್ಯಕ್ಕೆ ಬರ್ಬೇಕು, ಪಕ್ಕಕ್ಕೆ ಬಂದ್ರೆ ಒಂದು ಮೂಲೆ ಖಂಡಿತ ಮಸುಕು. ಮ್ಯಾನ್ಯುಯಲ್ ಮೋಡ್, ಎಫ್8, ಐಎಸ್‌ಒ 200, ರಾ ಫೈಲ್ (ಕ್ಯಾಮೆರಾ ಏನೂ ತಿದ್ದದ ಫೈಲ್), ಎಕ್ಸ್‌ಪೋಷರ್ ಡಿಲೇ ಆನ್ (ಮಿರರ್ ಎದ್ದ ಅದುರು ನಿಂತ್ಮೇಲೆ ಫೋಟೋ ತೆಗೆಯುತ್ತೆ). ಲೈವ್ ವ್ಯೂನಲ್ಲಿ ಜೂಮ್ ಮಾಡಿ ಕ್ಯಾಮೆರಾನ ಕೂದಲೆಳೆಯಷ್ಟು ಮೇಲೆ ಕೆಳಗೆ ಮಾಡ್ತಾ ಫಿಲ್ಮಿನ ಗ್ರೇನ್ (ಸಣ್ಣ ಸಣ್ಣ ಕಾಳು) ಕಾಣೋವರೆಗೂ ಫೋಕಸ್ ಹುಡುಕಿ. ಫಿಲ್ಮಿನ ಹೊಳೆಯೋ ಮುಖ ಲೆನ್ಸ್ ಕಡೆಗಿರ್ಲಿ. ಧೂಳು ಬ್ಲೋವರಲ್ಲೇ ಹೊಡೀರಿ, ಬಾಯಲ್ಲಿ ಊದಿದ್ರೆ ಎಂಜಲು ಹಾರುತ್ತೆ. ಅಂಟ್ಕೊಂಡಿರೋದನ್ನ ಎಳೀಬೇಡಿ, ನೀರಲ್ಲಿ ನೆನೆಸೋ ಸಾಹಸನೂ ಬೇಡ, ಅದು ತಿಳಿದವ್ರ ಕೆಲಸ. ಕಾಪಿ ಆಯ್ತು ಅಂತ ನೆಗೆಟಿವ್ ಬಿಸಾಕಿದ್ರೋ, ಮತ್ತೆ ನಂಗೆ ಬರೀಬೇಡಿ.

ಪ್ರಶ್ನೆ: ನೀರಿಗೆ ಬಿದ್ದ ಕ್ಯಾಮೆರಾನ ಅಕ್ಕಿ ಡಬ್ಬದಲ್ಲಿ ಇಟ್ಟಿದೀನಿ, ಎಷ್ಟು ದಿನ ಬಿಡ್ಲಿ?

ಈಗ್ಲೇ ತೆಗೀರಿ. ಬ್ಯಾಟರಿ ತೆಗೆದಿಡಿ, ಆನ್ ಮಾಡಿ ನೋಡ್ಬೇಡಿ. ಸಮುದ್ರದ ನೀರಾಗಿದ್ರೆ ಇವತ್ತೇ ರಿಪೇರಿಯವ್ರ ಹತ್ರ ಹೋಗಿ, ಉಪ್ಪು ಕಾಯಲ್ಲ.

ಪ್ರಶ್ನೆ: ಲೆನ್ಸಿಗೆ ಬೂಸ್ಟು ಬರ್ದೇ ಇರ್ಲಿ ಅಂತ ಬ್ಯಾಗಲ್ಲಿ ನುಸಿಗುಳಿಗೆ ಹಾಕಿದೀನಿ, ಓಕೆನಾ?

ಇಲ್ಲ. ಸಿಲಿಕಾ ಜೆಲ್ ಹಾಕಿ, ಗಾಳಿಯಾಡದ ಡಬ್ಬದಲ್ಲಿಡಿ.

ಪ್ರಶ್ನೆ: ಹಳೇ ಸಿಸಿಡಿ ಸೆನ್ಸರ್ (ಬೆಳಕು ಹಿಡಿಯೋ ಚಿಪ್) ಇರೋ ಕ್ಯಾಮೆರಾಗೆ ಈಗ ತುಂಬಾ ರೇಟಂತೆ, ಕಲರ್ ಬೇರೆನೇ ಅಂತಾರಲ್ಲ?

ಮಾರೋರು ಹಂಗೇ ಹೇಳ್ತಾರೆ. ಬಣ್ಣ ಬರೋದು ಸೆನ್ಸರ್ ಮೇಲಿರೋ ಫಿಲ್ಟರು, ಕ್ಯಾಮೆರಾ ಒಳಗಿನ ಪ್ರೊಸೆಸಿಂಗಿಂದ. ಸಿಸಿಡಿ ಅನ್ನೋ ಮೂರಕ್ಷರಕ್ಕೆ ದುಡ್ಡು ಕೊಡ್ಬೇಡಿ.

ಪ್ರಶ್ನೆ: ಕೆಟ್ಟಿರೋ ಪಾಯಿಂಟ್ ಅಂಡ್ ಶೂಟ್ ಕ್ಯಾಮೆರಾ ಬಿಚ್ಚಿ ಮಗನಿಗೆ ಪಾರ್ಟ್ಸ್ ತೋರಿಸ್ಬೇಕು ಅಂತಿದೀನಿ. ವಿಡಿಯೋ ನೋಡ್ಕೊಂಡು ಮಾಡ್ಬೋದಾ?

ದಯವಿಟ್ಟು ಬೇಡ. ಫ್ಲ್ಯಾಶ್ ಪಕ್ಕ ಸಿಲಿಂಡರ್ ಥರದ ಕೆಪಾಸಿಟರ್ ಇರುತ್ತೆ, ಸುಮಾರು 300 ವೋಲ್ಟ್ ಹಿಡ್ಕೊಂಡಿರುತ್ತೆ, ಬ್ಯಾಟರಿ ತೆಗೆದ್ಮೇಲೂ ಇರುತ್ತೆ. ನನ್ನ ಹೆಬ್ಬೆರಳಿಗೆ ಒಂದ್ಸಲ ಹೊಡೆದು ಚರ್ಮ ಬಿಳಿಚಿ ಸುಟ್ಟಿತ್ತು. ವಿಡಿಯೋ ಮಾಡೋರು ಈ ಮಾತೇ ಎತ್ತಲ್ಲ, ಮಕ್ಕಳು ನೋಡ್ತಾರೆ ಅನ್ನೋ ಭಯನೂ ಇಲ್ಲ ಅವ್ರಿಗೆ. ತೋರಿಸ್ಲೇಬೇಕು ಅಂದ್ರೆ ಫ್ಲ್ಯಾಶ್ ಇಲ್ಲದ ಹಳೇ ಲೆನ್ಸ್ ಒಂದು ಬಿಚ್ಚಿ ತೋರಿಸಿ. ಆ ಕ್ಯಾಮೆರಾದ ಬ್ಯಾಟರಿ ಉಬ್ಬಿದ್ರೆ ಚಾರ್ಜಿಗೆ ಹಾಕ್ಬೇಡಿ, ಗುಜರಿಗೂ ಹಾಕ್ಬೇಡಿ, ಇ-ವೇಸ್ಟ್ ತಗೊಳ್ಳೋರ ಕೈಗೇ ಕೊಡಿ.