525 ಪವರ್ ಟೆಲಿಸ್ಕೋಪಿಗೂ ಜೋಡಿ ನಕ್ಷತ್ರ ಕಾಣ್ತಿಲ್ವಾ?

ಪ್ರಶ್ನೆ: ಸರ್, 70 ಎಂಎಂ ಟೆಲಿಸ್ಕೋಪ್ ತಗೊಂಡೆ, ಫೋಕಲ್ ಲೆಂತ್ 700 ಎಂಎಂ. ಬಾಕ್ಸ್ ಮೇಲೆ 525 ಪವರ್ ಅಂತಿದೆ. ಆದ್ರೂ ಮಿಥುನದ ಕ್ಯಾಸ್ಟರ್ ಎರಡಾಗಿ ಕಾಣಲ್ಲ, ಮಬ್ಬು ಉಂಡೆ ಅಷ್ಟೇ. ಇನ್ನೂ ಪವರ್ ಬೇಕಂದ್ರೆ, ಪವರ್ ಹೆಚ್ಚಿಸೋ ಬಾರ್ಲೋ ಲೆನ್ಸ್ ಯಾವ್ದು ತಗೊಳ್ಳಲಿ?

ಉತ್ತರ: ಯಾವ್ದೂ ಬೇಡ, ಈಗಿರೋದನ್ನೂ ತೆಗೆದು ಪಕ್ಕಕ್ಕಿಡಿ. ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಡೋದು ಹೇಳಿ! 700ನ್ನ 4 ಎಂಎಂ ಐಪೀಸಿಂದ (ಕಣ್ಣಿಡೋ ಕಡೆಯ ಲೆನ್ಸ್) ಭಾಗಿಸಿದ್ರೆ 175, ಅದಕ್ಕೆ 3 ಪಟ್ಟಿನ ಬಾರ್ಲೋ ಸೇರಿಸಿದ್ರೆ 525, ಗುಣಾಕಾರ ಸರಿಯಾಗೇ ಇದೆ ಆದ್ರೆ ಅದು ಮಾರೋರ ಲೆಕ್ಕ. ಎರಡು ನಕ್ಷತ್ರ ಬೇರೆಬೇರೆ ಕಾಣಬೇಕಂದ್ರೆ ಮುಂದಿನ ಲೆನ್ಸ್ ಎಷ್ಟು ಅಗಲ ಇದೆ ಅನ್ನೋದು ಮುಖ್ಯ. 19ನೇ ಶತಮಾನದಲ್ಲೇ ಡಾಸ್ ಅನ್ನೋರು ಕೊಟ್ಟ ಸೂತ್ರ ಇದೆ, 116ನ್ನ ಲೆನ್ಸಿನ ಅಗಲದ ಎಂಎಂನಿಂದ ಭಾಗಿಸಿ, ನಿಮ್ಮ 70ಕ್ಕೆ ಸುಮಾರು 1.7 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಭಾಗ ಅಂದ್ರೆ ಒಂದು ಆರ್ಕ್‌ಸೆಕೆಂಡ್) ಬರುತ್ತೆ, ಅದಕ್ಕಿಂತ ಹತ್ತಿರದ ಜೋಡಿ ಬೇರೆಬೇರೆ ಕಾಣಲ್ಲ. ಕ್ಯಾಸ್ಟರ್ ಜೋಡಿ ಮಧ್ಯೆ 5ಕ್ಕಿಂತ ಜಾಸ್ತಿನೇ ಇದೆ. 10 ಎಂಎಂ ಐಪೀಸ್ ಹಾಕಿ, 70 ಪಟ್ಟಲ್ಲೇ ಎರಡು ಚುಕ್ಕಿ, ನಡುವೆ ಸಣ್ಣ ಕಪ್ಪು ಜಾಗ ಕಾಣಬೇಕು. ನಿಮ್ಮ ಲೆನ್ಸಿಗೆ 140 ದಾಟಿದ್ಮೇಲೆ ಮಬ್ಬು ದೊಡ್ಡದಾಗುತ್ತೆ, ಇನ್ನೇನಿಲ್ಲ.

70ರಲ್ಲೂ ಕಾಣ್ಲಿಲ್ವಾ, ಹಾಗಾದ್ರೆ ತಪ್ಪು ಅಲ್ಲಾಡೋ ಗಾಳೀದು. ಮಾರ್ಚಲ್ಲಿ ಇಡೀ ದಿನ ಕಾದ ಟೆರೇಸ್ ಸಂಜೆ ಏಳಕ್ಕೆ ಇನ್ನೂ ಬಿಸಿ ಕಕ್ಕುತ್ತಾ ಇರುತ್ತೆ, ಪಕ್ಕದ ಮನೆ ಶೀಟ್ ಮೇಲಿಂದನೋ ಎಸಿ ಔಟ್‌ಡೋರ್ ಯೂನಿಟ್ ಮೇಲಿಂದನೋ ನೋಡಿದ್ರಂತೂ ಮುಗೀತು. ಟೆಲಿಸ್ಕೋಪನ್ನ ಅರ್ಧ ಗಂಟೆ ಮುಂಚೆ ಹೊರಗಿಡಿ, ಕ್ಯಾಸ್ಟರ್ ನೆತ್ತಿ ಹತ್ರ ಬಂದಾಗ ನೋಡಿ. ನಕ್ಷತ್ರ ಪಳಪಳ ಮಿನುಗೋ ರಾತ್ರಿ ಚೆನ್ನಾಗಿದೆ ಅನ್ಕೋತೀರಿ, ಜೋಡಿ ನೋಡೋಕೆ ಅದೇ ಕೆಟ್ಟ ರಾತ್ರಿ. ತೆಳು ಮಂಜಿದ್ದು ಗಾಳಿ ಅಲ್ಲಾಡದೇ ಇರೋ ದಿನ ಎಷ್ಟೋ ಸಲ ಜೋಡಿ ಸಕ್ಕತ್ತಾಗಿ ಎರಡಾಗಿ ಒಡ್ಕೊಳ್ಳುತ್ತೆ. ಇದೆಲ್ಲ ಮಾಡದೆ ದುಡ್ಡು ಮಾತ್ರ ಖರ್ಚು ಮಾಡ್ತೀನಿ ಅಂದ್ರೆ ನಿಮ್ಮಿಷ್ಟ. ಅಂದಹಾಗೆ ಆಲ್ಫಾ ಸೆಂಟಾರಿ ನಕ್ಷತ್ರ ಜೋಡಿ ಅಂತ ಗೊತ್ತಾಗಿದ್ದು 1689ರಲ್ಲಿ, ಇಲ್ಲೇ ಪಾಂಡಿಚೇರಿಯಿಂದ, ಧೂಮಕೇತು ನೋಡ್ತಿದ್ದ ರಿಶೋ ಅನ್ನೋ ಪಾದ್ರಿಗೆ. ನಿಮ್ಮ ಲೆನ್ಸಿಗೆ ಹೆಸರು ಕೊಟ್ಟ ಬಾರ್ಲೋ ಅವರು ಆಗಿನ್ನೂ ಹುಟ್ಟೇ ಇರ್ಲಿಲ್ಲ.

ಪ್ರಶ್ನೆ: ಸಿರಿಯಸ್‌ನ ಜೊತೆಗಾರ ನಕ್ಷತ್ರ ಕಾಣುತ್ತಾ?

ಉತ್ತರ: 70 ಎಂಎಂನಲ್ಲಿ ಇಲ್ಲ. ಸಿರಿಯಸ್ ಅದಕ್ಕಿಂತ ಹೆಚ್ಚುಕಮ್ಮಿ ಹತ್ತು ಸಾವಿರ ಪಟ್ಟು ಪ್ರಕಾಶ, ಆ ಬೆಳಕಲ್ಲಿ ಮುಳುಗಿಹೋಗುತ್ತೆ.

ಪ್ರಶ್ನೆ: ಹುಣ್ಣಿಮೆ ದಿನ ಜೋಡಿ ನಕ್ಷತ್ರ ನೋಡಬಹುದಾ?

ಉತ್ತರ: ಧಾರಾಳವಾಗಿ.

ಪ್ರಶ್ನೆ: ಅರುಂಧತಿ ವಸಿಷ್ಠ ಒಂದನ್ನೊಂದು ಸುತ್ತೋದನ್ನ ಋಷಿಗಳು ಬರಿಗಣ್ಣಲ್ಲೇ ನೋಡಿದ್ರಂತೆ, ವಾಟ್ಸಾಪಲ್ಲಿ ಬಂದಿತ್ತು, ನಿಜಾನಾ?

ಉತ್ತರ: ಸುತ್ತುತ್ವೆ ಅಂತಾನೇ ಇಟ್ಕೊಂಡ್ರೂ ಒಂದು ಸುತ್ತಿಗೆ ಲಕ್ಷಾಂತರ ವರ್ಷ ಬೇಕು, ಕೂತು ನೋಡಿದವರು ಯಾರು ಸ್ವಾಮಿ? ಫಾರ್ವರ್ಡ್ ಮಾಡೋದು ಬಿಟ್ಟು ವಸಿಷ್ಠನ ಕಡೆನೇ ಟೆಲಿಸ್ಕೋಪ್ ತಿರುಗಿಸಿ, 14 ಆರ್ಕ್‌ಸೆಕೆಂಡ್ ಅಂತರದಲ್ಲಿ ಅದೇ ಎರಡಾಗಿ ಕಾಣುತ್ತೆ, ಆ ಮೆಸೇಜಲ್ಲಿ ಇದಿರಲ್ಲ.

ಪ್ರಶ್ನೆ: ಜೋಡಿ ನಕ್ಷತ್ರಕ್ಕೆ ಗಂಡ ಹೆಂಡ್ತಿ ಹೆಸರಿಟ್ಟು ಸರ್ಟಿಫಿಕೇಟ್ ಕೊಡ್ತಾರಂತೆ, ಆನಿವರ್ಸರಿಗೆ ತಗೊಳ್ಳಲಾ?

ಉತ್ತರ: ಹೆಸರಿಡೋದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ, ಅವರು ಹೆಸರು ಮಾರಲ್ಲ. ಸೀರೆ ಕೊಡಿಸಿ.