ಮಿತ್ರರಾಷ್ಟ್ರದ ಹಡಗಿಗೆ ಜನ ಬೇಡವೆಂದಾಗ

ಪ್ರಶ್ನೆ: ಬಲಿಷ್ಠ ಮಿತ್ರರಾಷ್ಟ್ರದ ಇಚ್ಛೆಗೆ ವಿರುದ್ಧವಾಗಿ ಸಣ್ಣ ದೇಶವೊಂದರ ಜನಾಭಿಪ್ರಾಯ ಗೆದ್ದ ನಿದರ್ಶನ ಇದೆಯೇ? ವಿದೇಶಾಂಗ ನೀತಿಯಲ್ಲಿ ಜನರ ಮಾತಿಗೆ ನಿಜಕ್ಕೂ ಬೆಲೆ ಇದೆಯೇ?
– ಓದುಗರು, ಹಾಸನ

ಉತ್ತರ: ನ್ಯೂಜಿಲೆಂಡ್ ಇದೆ, ಆದರೆ 'ಗೆದ್ದಿತು' ಎಂಬ ಮಾತನ್ನು ಎಚ್ಚರದಿಂದ ಬಳಸಬೇಕು.

1951ರ ಆನ್ಜಸ್ ಒಪ್ಪಂದದಿಂದ ಆಸ್ಟ್ರೇಲಿಯ, ನ್ಯೂಜಿಲೆಂಡ್ ಮತ್ತು ಅಮೆರಿಕ ಸೇನಾ ಮಿತ್ರರಾದವು. ದಕ್ಷಿಣ ಪೆಸಿಫಿಕ್ ಸಾಗರದ ಮುರುರೋವ ಹವಳದ್ವೀಪದಲ್ಲಿ ಫ್ರಾನ್ಸ್ ನಡೆಸುತ್ತಿದ್ದ ಅಣುಪರೀಕ್ಷೆಗಳಿಂದ ರೋಸಿಹೋಗಿದ್ದ ನ್ಯೂಜಿಲೆಂಡಿನ ಜನ, 1984ರಲ್ಲಿ ಡೇವಿಡ್ ಲಾಂಗಿಯವರ ಲೇಬರ್ ಪಕ್ಷ ಅಧಿಕಾರಕ್ಕೆ ಬರುವ ಮೊದಲೇ, ತಮ್ಮ ಊರು ಅಣ್ವಸ್ತ್ರಮುಕ್ತವೆಂದು ಅನೇಕ ಸ್ಥಳೀಯ ಮಂಡಳಿಗಳಲ್ಲಿ ಘೋಷಿಸಿಕೊಂಡಿದ್ದರು. ತನ್ನ ಯಾವ ಹಡಗಿನಲ್ಲಿ ಅಣ್ವಸ್ತ್ರವಿದೆ, ಯಾವುದರಲ್ಲಿ ಇಲ್ಲ ಎಂಬುದನ್ನು ಅಮೆರಿಕ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೀಗಾಗಿ ಅಣ್ವಸ್ತ್ರವಿರುವ ಹಡಗು ಬೇಡವೆನ್ನುತ್ತಿದ್ದ ಲಾಂಗಿ ಸರ್ಕಾರ 1985ರ ಆರಂಭದಲ್ಲಿ ಅಮೆರಿಕದ ಬ್ಯುಕ್ಯಾನನ್ ಎಂಬ ಯುದ್ಧನೌಕೆಗೆ ಪ್ರವೇಶ ನಿರಾಕರಿಸಿತು. ಅದು ಅಣುಶಕ್ತಿಯಿಂದ ಚಲಿಸುವ ಹಡಗೇನೂ ಅಲ್ಲ; ಅದರೊಳಗೆ ಏನಿರಬಹುದು ಎಂಬ ಸಂಶಯವೊಂದೇ ಸಾಕಾಯಿತು.

ಅಭಿಪ್ರಾಯವನ್ನು ಗಟ್ಟಿಗೊಳಿಸಿದ್ದು ಮಾತ್ರ ಆ ವರ್ಷದ ಜುಲೈ 10ರ ರಾತ್ರಿ. ಆಕ್ಲೆಂಡ್ ಬಂದರಿನಲ್ಲಿ ಅಣುಪರೀಕ್ಷೆಗಳನ್ನು ವಿರೋಧಿಸುತ್ತಿದ್ದ ಪರಿಸರ ಸಂಘಟನೆ ಗ್ರೀನ್‌ಪೀಸ್‌ನ ರೇನ್‌ಬೋ ವಾರಿಯರ್ ಹಡಗನ್ನು ಫ್ರೆಂಚ್ ಗೂಢಚಾರರು ಬಾಂಬಿಟ್ಟು ಮುಳುಗಿಸಿದರು, ಛಾಯಾಗ್ರಾಹಕರೊಬ್ಬರು ಸತ್ತರು. ಎರಡು ಮಹಾಯುದ್ಧಗಳಲ್ಲಿ ನ್ಯೂಜಿಲೆಂಡಿನ ಸೈನಿಕರು ಯಾರ ಪಕ್ಷದಲ್ಲಿ ಕಾದಿದ್ದರೋ ಅವರದೇ ಕೃತ್ಯವಿದು, ಮೇಲಾಗಿ ಪಾಶ್ಚಾತ್ಯ ಮಿತ್ರರು ಅದನ್ನು ಖಂಡಿಸಲೂ ಮುಂದಾಗಲಿಲ್ಲ. ಆ ಮೌನ ಯಾವ ಪ್ರಚಾರಕ್ಕಿಂತಲೂ ಹೆಚ್ಚಿನ ಕೆಲಸ ಮಾಡಿತೆಂದು ನನ್ನ ಎಣಿಕೆ.

ಹಾಗೆಂದು ಜನರು ಅಮೆರಿಕದ ಸಖ್ಯವನ್ನೇ ತೊರೆಯಲು ಹೊರಟಿದ್ದರೆನ್ನುವುದು ತಪ್ಪು. 1986ರಲ್ಲಿ ಸರ್ಕಾರವೇ ನೇಮಿಸಿದ್ದ ಸಮಿತಿ ನಡೆಸಿದ ಸಮೀಕ್ಷೆಯಲ್ಲಿ ಬಹುಮತಕ್ಕೆ ಒಪ್ಪಂದವೂ ಬೇಕಿತ್ತು, ಅಣ್ವಸ್ತ್ರಮುಕ್ತಿಯೂ ಬೇಕಿತ್ತು. ಎರಡೂ ಒಟ್ಟಿಗೆ ಸಿಗುವಂತಿರಲಿಲ್ಲ. ಅದೇ ಆಗಸ್ಟ್‌ನಲ್ಲಿ ನ್ಯೂಜಿಲೆಂಡಿನ ರಕ್ಷಣೆಯ ಹೊಣೆಯನ್ನು ಅಮೆರಿಕ ಅಮಾನತಿನಲ್ಲಿಟ್ಟಿತು. ಮರುವರ್ಷ ಸಂಸತ್ತು ಅಣ್ವಸ್ತ್ರಮುಕ್ತ ವಲಯದ ಕಾನೂನನ್ನೇ ಮಾಡಿತು.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇರುವುದು 1990ರಲ್ಲಿ. ಈ ನೀತಿಯನ್ನು ವಿರೋಧಿಸುತ್ತಿದ್ದ ನ್ಯಾಷನಲ್ ಪಕ್ಷ, ಚುನಾವಣೆ ಹತ್ತಿರವಾದಂತೆ ಅದನ್ನು ಹಾಗೆಯೇ ಉಳಿಸಿಕೊಳ್ಳುವುದಾಗಿ ಹೇಳಿತು. ಗೆದ್ದ ಮೇಲೂ ಕಾನೂನನ್ನು ಮುಟ್ಟಲಿಲ್ಲ. ಮುಂದೆ ಅಮೆರಿಕದ ಯುದ್ಧನೌಕೆಯೊಂದು ಅಲ್ಲಿಗೆ ಬಂದದ್ದು 2016ರ ನವೆಂಬರಿನಲ್ಲಿ, ಅದೂ ಆ ಕಾನೂನಿಗೆ ಒಳಪಟ್ಟು, ಪ್ರಧಾನಿ ಪರಿಶೀಲಿಸಿ ಒಪ್ಪಿಗೆ ಕೊಟ್ಟ ಮೇಲೆ. ನೌಕಾಪಡೆಯ ವಾರ್ಷಿಕೋತ್ಸವಕ್ಕೆಂದು ಬಂದ ಆ ಹಡಗು, ಅಷ್ಟರಲ್ಲಿ ಕೈಕೌರಾದಲ್ಲಿ ಭೂಕಂಪವಾದ್ದರಿಂದ ಪರಿಹಾರ ಕಾರ್ಯಕ್ಕೆ ಹೋಯಿತು.